ಒಂದು ದವಡೆ ಹಲ್ಲಿನಲ್ಲಿ ಹೊನ್ನಾವರದಿಂದ ಕುಮಟಾ

ಬಾಯಿಯಲ್ಲಿರುವ 32 ಹಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು ನೇರ ಗೆರೆ ಎಳೆದರೆ ಎಷ್ಟು ಉದ್ದವಾಗಬಹುದು? ಹಲ್ಲುಗಳ ಸರಾಸರಿ ಅಗಲವನ್ನು ಕೂಡಿಸಿದರೆ ಸಿಗುವುದು 25.4 ಸೆಂಟಿಮೀಟರ್. ಸರಿಯಾಗಿ ಹತ್ತು ಇಂಚು. ಶಾಲೆ ಮಕ್ಕಳ ಸ್ಕೇಲು ಕೂಡ ತುಂಬುವುದಿಲ್ಲ!

ಈಗ ಅದನ್ನೇ ಹೊನ್ನಾವರಕ್ಕೆ ತೆಗೆದುಕೊಂಡು ಹೋಗಿ. ಅಲ್ಲಿ ಶರಾವತಿಯ ಮೇಲಿರುವ ರೈಲು ಸೇತುವೆ ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, 2,065 ಮೀಟರ್. ಅದರ ಈ ದಡದಿಂದ ಆ ದಡಕ್ಕೆ ಹಲ್ಲಿನ ಸಾಲು ಹಾಕಲು 8,130 ಜನ ಸಾಕು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ 2011ರ ಜನಗಣತಿಯ ಪ್ರಕಾರ ಸುಮಾರು 4.8 ಲಕ್ಷ ಜನರಿದ್ದರು. ಎಲ್ಲರಿಗೂ ಪೂರ್ತಿ 32 ಹಲ್ಲು ಇದೆಯೆಂದೇ ಇಟ್ಟುಕೊಳ್ಳೋಣ. ಸಾಲು 122 ಕಿಲೋಮೀಟರ್ ಆಗುತ್ತದೆ. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಅಂದರೆ ಹೆದ್ದಾರಿ 66ರ ಎಡ ಅಂಚಿಗೆ ಹೋಗುತ್ತಾ ಒಂದು ಬಿಳಿ ಗೆರೆ, ಬಲ ಅಂಚಿಗೆ ಬರುತ್ತಾ ಇನ್ನೊಂದು! ಇಡೀ ಲೋಕದ 800 ಕೋಟಿ ಜನರನ್ನು ಸೇರಿಸಿದರೆ 20 ಲಕ್ಷ ಕಿಲೋಮೀಟರ್. ಭೂಮಿಗೆ 50 ಸುತ್ತು. ಚಂದ್ರನ ಕಡೆಗೆ ತಿರುಗಿಸಿದರೆ ಆ ಸಾಲು ಎರಡು ಸಲ ಹೋಗಿಬಂದು, ಮೂರನೆಯ ಸಲವೂ ಚಂದ್ರನನ್ನು ಮುಟ್ಟಿ, ಮನೆಯ ದಾರಿ ಹಿಡಿದಿರುತ್ತದೆ.

32 ಎಂಬ ಲೆಕ್ಕವನ್ನೂ ಕೆಲವರ ಬಾಯಿ ಒಪ್ಪಿಕೊಂಡಿಲ್ಲ. ಬೆಂಗಳೂರಿನ ಒಬ್ಬರ ಬಾಯಲ್ಲಿ 37 ಹಲ್ಲುಗಳನ್ನು ಎಣಿಸಿ 2014ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿಸಲಾಯಿತು. 2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ ಏಳು ವರ್ಷದ ಹುಡುಗನ ಕೆಳದವಡೆಯಿಂದ ಸುಮಾರು 200 ಗ್ರಾಂ ತೂಕದ ಒಂದು ಗಂಟನ್ನು ತೆಗೆದರು. ಬಿಚ್ಚಿ ಎಣಿಸಿದಾಗ ಅದರಲ್ಲಿದ್ದ ಹಲ್ಲು, ಹಲ್ಲಿನ ಚೂರುಗಳು ಒಟ್ಟು 526. ಹದಿನಾರು ಜನರಿಗೆ ಪೂರ್ತಿ ಹಂಚಿದ ಮೇಲೂ 14 ಮಿಕ್ಕುತ್ತವೆ. ಅಷ್ಟೂ ಒಂದು ಪುಟ್ಟ ದವಡೆಯೊಳಗೆ!

ಎಣಿಕೆ ಇಷ್ಟಾದರೆ ಒಳಗಿನ ಅಳತೆ ಇನ್ನೂ ದೊಡ್ಡದು. ಮೇಲಿನ ಸಾಲಿನ ಮೊದಲ ದವಡೆ ಹಲ್ಲು ಹೊದ್ದಿರುವ ಎನಾಮೆಲ್ ಸೂಕ್ಷ್ಮ ಕಡ್ಡಿಗಳ ಕಟ್ಟು. ಒಂದೇ ಹಲ್ಲಿನಲ್ಲಿ ಅಂಥ ಕಡ್ಡಿಗಳು ಸುಮಾರು 1.2 ಕೋಟಿ, ಮೂರು ತಾಲ್ಲೂಕುಗಳ ಜನಸಂಖ್ಯೆಯ 25 ಪಟ್ಟು. ಎನಾಮೆಲ್‌ನ ದಪ್ಪವಾದರೋ ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್. ಅದರ ಕೆಳಗೆ ಡೆಂಟಿನ್. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಹೊರಮೈ ಹತ್ತಿರವೇ ಒಂದು ಚದರ ಮಿಲಿಮೀಟರಿಗೆ 15ರಿಂದ 20 ಸಾವಿರ. ದವಡೆ ಹಲ್ಲಿನ ತಲೆ, ಬೇರು ಎಲ್ಲ ಸೇರಿ ಹೊರಮೈ 600 ಚದರ ಮಿಲಿಮೀಟರ್, ಒಂದೊಂದು ಕೊಳವೆಯ ಉದ್ದ ಎರಡು ಮಿಲಿಮೀಟರ್ ಎಂದು ಹಿಡಿದು ಗುಣಿಸಿ ನೋಡಿ: 20 ಕಿಲೋಮೀಟರ್! ಬಿಚ್ಚಿ ತುದಿಗೆ ತುದಿ ಸೇರಿಸಿದರೆ ಒಂದೇ ಒಂದು ದವಡೆ ಹಲ್ಲು ಹೊನ್ನಾವರ ಬಸ್ ನಿಲ್ದಾಣದಿಂದ ಹೊರಟು ಕುಮಟಾ ಮುಟ್ಟುತ್ತದೆ. ತಣ್ಣನೆಯ ನೀರು ತಾಗಿದ ಕೂಡಲೇ ಹುಳುಕು ಹಲ್ಲು ಜುಂ ಎನ್ನುವುದು ಈ ಕೊಳವೆಗಳ ದಾರಿಯಲ್ಲೇ.

ಇನ್ನು ಹಲ್ಲು ಹೊರುವ ಭಾರ. ಸಾಮಾನ್ಯ ವಯಸ್ಕರೊಬ್ಬರು ದವಡೆ ಹಲ್ಲಿನಲ್ಲಿ ಬಿಗಿಯಾಗಿ ಕಚ್ಚಿದರೆ 70 ಕಿಲೋ ಬೀಳುತ್ತದೆ, ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಒಂದೇ ಹಲ್ಲಿನ ಮೇಲೆ ನಿಂತಷ್ಟು. ಅಮೆರಿಕದ ಫ್ಲಾರಿಡಾದ ರಿಚರ್ಡ್ ಹಾಫ್‌ಮನ್ 1986ರಲ್ಲಿ 442 ಕಿಲೋ ಬಲದಲ್ಲಿ ಎರಡು ಸೆಕೆಂಡು ಕಚ್ಚಿ ದಾಖಲೆ ಮಾಡಿದರು. ಅಂದರೆ ಒಂಬತ್ತು ಮೂಟೆ ಅಕ್ಕಿ ಒಟ್ಟಿಗೆ! ನಾವು ದಿನನಿತ್ಯ ಅಗಿಯಲು ಇಷ್ಟೆಲ್ಲ ಬಲ ಹಾಕುವುದಿಲ್ಲ, ಹತ್ತು ಕಿಲೋ ಎನ್ನೋಣ. ದಿನಕ್ಕೆ 60 ತುತ್ತು, ತುತ್ತಿಗೆ 20 ಸಲ ಅಗಿದರೆ 1,200 ಆಯಿತು. ಐವತ್ತು ವರ್ಷಕ್ಕೆ 2 ಕೋಟಿ 19 ಲಕ್ಷ ಸಲ. ಪ್ರತಿ ಸಲದ ಹತ್ತು ಕಿಲೋ ಕೂಡಿಸುತ್ತಾ ಹೋದರೆ 2.19 ಲಕ್ಷ ಟನ್. ಇಷ್ಟನ್ನು 16 ಟನ್ನಿನ ಲಾರಿಗಳಿಗೆ ತುಂಬಿದರೆ 13,700 ಲಾರಿ ಬೇಕು. ಲಾರಿಗೆ ಹತ್ತು ಮೀಟರಿನಂತೆ ಭಟ್ಕಳದಿಂದ ಒಂದರ ಹಿಂದೊಂದು ನಿಲ್ಲಿಸುತ್ತಾ ಬನ್ನಿ. ಹೊನ್ನಾವರ, ಕುಮಟಾ, ಅಂಕೋಲಾ ಎಲ್ಲ ದಾಟಿ, ಕಾರವಾರವನ್ನೂ ದಾಟಿದ ಮೇಲೆಯೇ ಕೊನೆಯ ಲಾರಿ!

ಇದು ಬರೀ ಊಟದ ಲೆಕ್ಕ. ನಮ್ಮ ಕಡೆ ಕವಳ ಬೇರೆ ಇದೆ. ಹೊನ್ನಾವರದ ಎಲೆ, ಕುಮಟಾ ಪೇಟೆಯ ಚಾಲಿ ಅಡಿಕೆ, ಸ್ವಲ್ಪ ಸುಣ್ಣ. ದಿನಕ್ಕೆ ಐದು ಕವಳ, ಒಂದೊಂದಕ್ಕೆ ಐದು ನಿಮಿಷ, ಸೆಕೆಂಡಿಗೊಮ್ಮೆ ಅಗಿತ ಎಂದರೆ 1,500. ಮೂರು ಹೊತ್ತಿನ ಊಟಕ್ಕಿಂತ ಕವಳದ ಅಗಿತವೇ 300 ಹೆಚ್ಚು! ಎನಾಮೆಲ್ ಮನುಷ್ಯ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು, ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ. ಆದರೆ ಒಮ್ಮೆ ಸವೆದರೆ ಸವೆಯಿತು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ, ಎನಾಮೆಲ್ ಮಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಹೊಸದಾಗಿ ಬೆಳೆಯುವುದಿಲ್ಲ.

ಕೆಲವು ಪ್ರಾಣಿಗಳಿಗೆ ಈ ಚಿಂತೆ ಕಡಿಮೆ. ಆನೆಗೆ ಜೀವಮಾನದಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಶಾರ್ಕ್‌ಗಳಲ್ಲಿ ಕೆಲವು ಸಾಯುವುದರೊಳಗೆ 30 ಸಾವಿರ ಹಲ್ಲು ಉದುರಿಸುತ್ತವೆ, ಅದು 937 ಜನರ ಪಾಲು. ನಮಗೆ ಸಿಗುವುದು ಎರಡೇ ಸಲ. ಹಾಲು ಹಲ್ಲು 20, ಆಮೇಲಿನವು 32, ಒಟ್ಟು 52. ಅಲ್ಲಿಗೆ ದಾಸ್ತಾನು ಖಾಲಿ. ಮೂರನೆಯ ಸಲದ್ದನ್ನು ಮನುಷ್ಯನೇ ಮಾಡಿಕೊಳ್ಳಬೇಕು. ಮಾಡಿಕೊಂಡೂ ಇದ್ದಾನೆ, ಅದೂ ಎಂಥ ಸಂಖ್ಯೆಗಳಲ್ಲಿ!

ಹಲ್ಲು ಕೊರೆಯುವುದು ನಿನ್ನೆ ಮೊನ್ನೆಯ ಕೆಲಸವಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಒಂಬತ್ತು ಜನರ ಹನ್ನೊಂದು ಹಲ್ಲುಗಳಲ್ಲಿ ಕಲ್ಲಿನ ಮೊನೆಯಿಂದ ಕೊರೆದ ತೂತುಗಳಿವೆ. ಅವರು ಬದುಕಿದ್ದದ್ದು 7,500ರಿಂದ 9,000 ವರ್ಷಗಳ ಹಿಂದೆ. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗೆ ಈಗ ಸುಮಾರು 4,500 ವರ್ಷ. ಆ ಪಿರಮಿಡ್ಡು ಹೊಸದಾಗಿದ್ದಾಗಲೇ ಮೆಹರ್‌ಗಢದ ಹಲ್ಲುಗಳಿಗೆ 3,000 ವರ್ಷ ದಾಟಿತ್ತು! ಅದೇ ಬಗೆಯ ಬಿಲ್ಲು-ಬೈರಿಗೆ ಮಾಡಿ ಸಂಶೋಧಕರು ಪ್ರಯತ್ನಿಸಿದಾಗ ಒಂದು ನಿಮಿಷದೊಳಗೆ ಎನಾಮೆಲ್ ತೂತಾಯಿತು.

ಈಗಿನ ಬೈರಿಗೆಯ ವೇಗ ಕೇಳಿ. ಭಟ್ಕಳದ ಕ್ಲಿನಿಕ್ಕಿನಲ್ಲಿ ಹುಳುಕು ತೆಗೆದು ಸಿಮೆಂಟ್ ಹಾಕುವ ಮುನ್ನ ಕಿವಿಗೆ ಕೀಂ ಎಂದು ಕೇಳುತ್ತದಲ್ಲ, ಆ ಏರೋಟರ್ ಖಾಲಿ ತಿರುಗುವಾಗ ನಿಮಿಷಕ್ಕೆ 4 ಲಕ್ಷ ಸುತ್ತು ಹಾಕುತ್ತದೆ. ಮನೆಯ ಫ್ಯಾನು ನಿಮಿಷಕ್ಕೆ ಹಾಕುವುದು 350. ಏರೋಟರ್ ಒಂದು ನಿಮಿಷದಲ್ಲಿ ತಿರುಗಿದಷ್ಟು ತಿರುಗಲು ಫ್ಯಾನಿಗೆ 19 ಗಂಟೆ ಬೇಕು! ಕೊರೆಯುವ ಮೊನೆಯ ಅಡ್ಡಳತೆ 1.2 ಮಿಲಿಮೀಟರ್ ಇದ್ದರೆ ಅದರ ಅಂಚು ಗಂಟೆಗೆ 90 ಕಿಲೋಮೀಟರ್ ಓಡುತ್ತಿರುತ್ತದೆ. ಬಾಯಿಯೊಳಗೆ, ನಾಲಿಗೆಯ ಪಕ್ಕದಲ್ಲಿ, ವೈದ್ಯರ ಎರಡು ಬೆರಳ ನಡುವೆ! ಇದೇ ಸುತ್ತುಗಳನ್ನು ಸಾರಿಗೆ ಸಂಸ್ಥೆಯ ಬಸ್ಸಿನ ಚಕ್ರಕ್ಕೆ ಕೊಟ್ಟು ನೋಡೋಣ. ಚಕ್ರದ ಅಡ್ಡಳತೆ ಹೆಚ್ಚುಕಡಿಮೆ ಒಂದು ಮೀಟರ್. ಭಟ್ಕಳದಲ್ಲಿ ಕಂಡಕ್ಟರ್ ಸೀಟಿ ಊದಿದ ಮೂರು ಸೆಕೆಂಡಿನೊಳಗೆ ಬಸ್ಸು ಕುಮಟಾದಲ್ಲಿರುತ್ತದೆ. ಹಾಗೇ ಮುಂದೆ ಬಿಟ್ಟರೆ ಭೂಮಿಗೆ ಒಂದು ಸುತ್ತು ಹಾಕಿ 32 ನಿಮಿಷದಲ್ಲಿ ಹಿಂತಿರುಗುತ್ತದೆ. ನಿಮಿಷಕ್ಕೊಂದು ಹಲ್ಲಿನ ಲೆಕ್ಕ!

ರೂಟ್ ಕೆನಾಲ್ ಮಾಡುವಾಗ ಅಳತೆ ಎದುರು ದಿಕ್ಕಿಗೆ ಓಡುತ್ತದೆ. ಬೇರಿನ ನಾಳಕ್ಕೆ ಇಳಿಸುವ ಸೂಜಿಗಳಲ್ಲಿ ಅತಿ ಸಣ್ಣದರ ತುದಿ 0.06 ಮಿಲಿಮೀಟರ್, ತಲೆಗೂದಲಿನಷ್ಟು. ಆ ಕೂದಲಿನಷ್ಟು ಉಕ್ಕನ್ನು ಕಣ್ಣಿಗೆ ಕಾಣದ ನಾಳದಲ್ಲಿ 20 ಮಿಲಿಮೀಟರ್ ಆಳಕ್ಕೆ, ತನ್ನ ತುದಿಯ ದಪ್ಪದ 330 ಪಟ್ಟು ದೂರಕ್ಕೆ ಇಳಿಸುತ್ತಾರೆ. ದಪ್ಪಕ್ಕೂ ಆಳಕ್ಕೂ ಅದೇ ಪ್ರಮಾಣ ಇರಬೇಕೆಂದು ಹಠ ಹಿಡಿದು ಒಂದು ಇಂಚು ದಪ್ಪದ ಪೈಪಿನಲ್ಲಿ ಬೋರ್‌ವೆಲ್ ಕೊರೆದರೆ 27 ಅಡಿ ಇಳಿಯಬೇಕಾಗುತ್ತದೆ.

ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್ ಬೇಕು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಜಿರ್ಕೋನಿಯಾ ಕ್ಯಾಪ್ ತಯಾರಾಗುವುದನ್ನು ನೋಡುವುದೇ ಒಂದು ಸಂಭ್ರಮ. ಸೀಮೆಸುಣ್ಣದಷ್ಟು ಮೆತ್ತಗಿನ ಬಿಳಿ ಬಿಲ್ಲೆಯೊಂದನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಬಿಲ್ಲೆಯ ಅಗಲ 98 ಮಿಲಿಮೀಟರ್. ಯಂತ್ರ ಅದರೊಳಗಿಂದ ಹಲ್ಲಿನ ಆಕಾರವನ್ನು ಕಡೆದು ತೆಗೆಯುತ್ತದೆ, ಉಗುರಿನಿಂದ ಗೀಚಿದರೂ ಪುಡಿ ಉದುರುವಂಥದ್ದನ್ನು. ಬೇಕಾದದ್ದು ಹತ್ತು ಮಿಲಿಮೀಟರಿನ ಹಲ್ಲಾದರೆ ಕಡೆಯುವುದು ಹನ್ನೆರಡೂವರೆ ಮಿಲಿಮೀಟರಿನದು. ಅದು ಕುಲುಮೆಗೆ ಹೋಗುತ್ತದೆ. ಶಾಖ 1,500 ಡಿಗ್ರಿ ಸೆಲ್ಸಿಯಸ್. ಬೆಳ್ಳಿ ಕರಗುವುದು 962ಕ್ಕೆ, ಚಿನ್ನ 1,064ಕ್ಕೆ, ತಾಮ್ರ 1,085ಕ್ಕೆ. ಆ ಕುಲುಮೆಯಲ್ಲಿ ಇವು ಮೂರೂ ನೀರಾಗಿ ಹರಿಯುತ್ತವೆ. ಜಿರ್ಕೋನಿಯಾ ಮಾತ್ರ ಕರಗದೆ ಕುಗ್ಗುತ್ತದೆ, ಎಲ್ಲ ದಿಕ್ಕಿನಿಂದಲೂ ಒಂದೇ ಪ್ರಮಾಣದಲ್ಲಿ. ಹೊರಬಂದಾಗ ಹತ್ತು ಮಿಲಿಮೀಟರ್! ಮುರುಡೇಶ್ವರದ 123 ಅಡಿಯ ಶಿವ ಇದೇ ರೀತಿ ಕುಗ್ಗಿದರೆ 98 ಅಡಿಯಾಗಬೇಕು, ಜಟೆ, ತ್ರಿಶೂಲ, ಬೆರಳಿನ ಉಗುರು ಯಾವುದರ ರೂಪವೂ ಕೆಡದೆ.

ಕುಲುಮೆಗೆ ಹೋಗುವ ಮುನ್ನ ಉಗುರಿಗೆ ಸೋಲುತ್ತಿದ್ದದ್ದು ಈಗ ಎಷ್ಟು ತಡೆಯುತ್ತದೆ? ಒಂದು ಚದರ ಸೆಂಟಿಮೀಟರಿಗೆ ಸುಮಾರು 20 ಟನ್. ದವಡೆ ಹಲ್ಲಿನ ಅಗಿಯುವ ಮೈ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಷ್ಟಗಲದ ಜಿರ್ಕೋನಿಯಾ ತುಂಡಿನ ಮೇಲೆ ಐದು ಆನೆಗಳನ್ನು ಒಂದರ ಮೇಲೊಂದು ನಿಲ್ಲಿಸಬಹುದು!

ಅಷ್ಟು ಬಲವಾದದ್ದನ್ನು ಕೂರಿಸುವುದು ಮಾತ್ರ ಕಾಗದದ ಲೆಕ್ಕದಲ್ಲಿ. ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವೆ ಇರಬಹುದಾದ ಸಂದಿ ಹೆಚ್ಚೆಂದರೆ ಒಂದು ಹಾಳೆಯ ದಪ್ಪ, 0.1 ಮಿಲಿಮೀಟರ್. ಕೂರಿಸಿದ ಮೇಲೆ ವೈದ್ಯರು ನೀಲಿ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು “ಕಚ್ಚಿ, ಇನ್ನೊಮ್ಮೆ, ಟಕ್ ಟಕ್ ಮಾಡಿ” ಎನ್ನುತ್ತಾರೆ. ನೀಲಿ ಚುಕ್ಕೆ ಬಿದ್ದ ಕಡೆ ಒಂದಿಷ್ಟು ಉಜ್ಜುತ್ತಾರೆ. ಮತ್ತೆ ಕಾಗದ, ಮತ್ತೆ ಟಕ್ ಟಕ್. “ಇನ್ನೂ ಸ್ವಲ್ಪ ತಾಗ್ತದೆ ಡಾಕ್ಟ್ರೇ” ಎಂದು ಕುರ್ಚಿಯಲ್ಲಿ ಕೂತವರು ಹೇಳುತ್ತಲೇ ಇರುತ್ತಾರೆ. ಅವರು ಹೇಳುತ್ತಿರುವುದು ನಿಜ. ಎದುರು ಬದುರಿನ ಎರಡು ಹಲ್ಲುಗಳ ನಡುವೆ 20 ಮೈಕ್ರಾನ್ ದಪ್ಪದ ವಸ್ತು ಸಿಕ್ಕಿದರೂ ನಮಗೆ ತಿಳಿಯುತ್ತದೆ. ಕೂದಲನ್ನು ಉದ್ದಕ್ಕೆ ಮೂರಾಗಿ ಸೀಳಿದರೆ ಸಿಗುವ ಎಳೆಯಷ್ಟು! 70 ಕಿಲೋ ಬಲ ಹಾಕಬಲ್ಲ ದವಡೆಗೆ ಕೂದಲಿನ ಮೂರನೆಯ ಒಂದು ಪಾಲು ಗೊತ್ತಾಗುತ್ತದೆ ಎಂದರೆ ನಂಬುವುದು ಹೇಗೆ?

ಹಲ್ಲೇ ಹೋಗಿದ್ದರೆ ಅಕ್ಕಪಕ್ಕದ ಎರಡರ ಆಸರೆಯಲ್ಲಿ ಬ್ರಿಜ್ ಕಟ್ಟುತ್ತಾರೆ. ಇಟಲಿಯ ಎಟ್ರಸ್ಕನ್ನರು ಸುಮಾರು 2,700 ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಲ್ಲಿ ಈ ಕೆಲಸ ಮಾಡುತ್ತಿದ್ದರು. ಅದಕ್ಕಿಂತ ಬೆರಗಿನದು ಇಂಪ್ಲಾಂಟ್. ನಾಲ್ಕು ಮಿಲಿಮೀಟರ್ ದಪ್ಪ, ಹತ್ತು ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪು, ತೂಕ ಸುಮಾರು ಅರ್ಧ ಗ್ರಾಂ. ಒಂದು ಕಿಲೋ ಲೋಹದಲ್ಲಿ 2,000 ಬೇರುಗಳು! ಈ ಅರ್ಧ ಗ್ರಾಂ ದವಡೆ ಮೂಳೆಯಲ್ಲಿ ಕೂತು 70 ಕಿಲೋ ಕಚ್ಚುವ ಬಲವನ್ನು ಹೊತ್ತಿತೆಂದರೆ ತನ್ನ ತೂಕದ 1 ಲಕ್ಷ 40 ಸಾವಿರ ಪಟ್ಟು ಹೊತ್ತಿತು ಎಂದರ್ಥ. ಆನೆಯೊಂದು ಅದಕ್ಕೆ ಸಮ ಎನಿಸಬೇಕಾದರೆ ಬೆನ್ನ ಮೇಲೆ 1,40,000 ಆನೆಗಳನ್ನು ಹೊರಬೇಕು. 2023ರ ಗಣತಿಯಲ್ಲಿ ಕರ್ನಾಟಕದ ಎಲ್ಲ ಕಾಡುಗಳಲ್ಲಿ ಸಿಕ್ಕ ಆನೆಗಳ ಅಂದಾಜು 6,395. ಅಂಥ ಸುಮಾರು 22 ರಾಜ್ಯಗಳ ಆನೆಗಳು ಒಂದೇ ಬೆನ್ನ ಮೇಲೆ!

ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಯೆಸ್ತಾ ಲಾರ್ಸನ್ ಎಂಬವರ ಬಾಯಿಗೆ ಮೊದಲ ಟೈಟಾನಿಯಂ ಇಂಪ್ಲಾಂಟ್‌ಗಳನ್ನು ಹಾಕಿದರು. ನಮ್ಮ ಪಕ್ಕದ ಮಣಿಪಾಲದಲ್ಲಿ ದಂತ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ. ಲಾರ್ಸನ್ 2006ರಲ್ಲಿ ತೀರಿಕೊಂಡಾಗ ಆ ತಿರುಪುಗಳು ಇನ್ನೂ ಗಟ್ಟಿಯಾಗಿಯೇ ಇದ್ದವು. 41 ವರ್ಷ! ನಮ್ಮ 1,200ರ ಲೆಕ್ಕದಲ್ಲಿ 1 ಕೋಟಿ 79 ಲಕ್ಷ ಅಗಿತ. ಅಂಥ ನಾಲ್ಕು ತಿರುಪುಗಳ ಮೇಲೆ ಈಗ ಇಡೀ ಒಂದು ಸಾಲು ಹಲ್ಲನ್ನೇ ನಿಲ್ಲಿಸುತ್ತಾರೆ, ಹನ್ನೆರಡರಿಂದ ಹದಿನಾಲ್ಕು. ನಾಲ್ಕರ ಒಟ್ಟು ತೂಕ ಎರಡು ಗ್ರಾಂ.

ಇಂಪ್ಲಾಂಟ್ ಎಲ್ಲರ ಕೈಗೆ ಎಟುಕುವುದಿಲ್ಲ. ಕರಾವಳಿಯ ಮನೆಗಳಲ್ಲಿ ಅಜ್ಜ ಅಜ್ಜಿಯರು “ಹಲ್ಲು ಕಟ್ಟಿಸಿಕೊಂಡು ಬಂದೆ” ಎನ್ನುವುದು ಸೆಟ್ಟಿನ ವಿಷಯವನ್ನೇ. ಗುಲಾಬಿ ಬಣ್ಣದ ಅಕ್ರಿಲಿಕ್ ಒಸಡು, ಅದರಲ್ಲಿ 28 ಹಲ್ಲು, ರಾತ್ರಿ ಸ್ಟೀಲ್ ಲೋಟದ ನೀರಿನಲ್ಲಿ ವಾಸ. ಸೆಟ್ಟಿನ ಕಚ್ಚುವ ಬಲ ಸ್ವಂತ ಹಲ್ಲಿನ ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು, 70 ಕಿಲೋ ಇದ್ದಲ್ಲಿ 15 ಕಿಲೋ ಸುಮಾರು. ಕಡಿಮೆ ಎನ್ನಬೇಡಿ. ಅದರ ಹಿಂದಿನ ದಿನದವರೆಗೆ ಅದು ಸೊನ್ನೆ! ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿ ಕುಟ್ಟಿ ಪುಡಿ ಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಅಜ್ಜಿಗೆ ಹೊಸ ಸೆಟ್ಟು ಕೂತ ಕೂಡಲೇ ಬರುವ ಪ್ರಶ್ನೆ “ಇನ್ನು ಕವಳ ಹಾಕಲಕ್ಕಾ ಡಾಕ್ಟ್ರೇ?” ಎಂಬುದೇ. ಮೊದಲು ಮೆತ್ತಗಿನ ಅನ್ನ, ಸಣ್ಣ ತುತ್ತು, ಎರಡೂ ಬದಿಯಲ್ಲಿ ಅಗಿಯಿರಿ ಎಂದು ಹೇಳಿ ಕಳಿಸುತ್ತಾರೆ. 2014ರಲ್ಲಿ ಕರ್ನಾಟಕ ಸರ್ಕಾರ ‘ದಂತ ಭಾಗ್ಯ’ ಎಂಬ ಹೆಸರಿನಲ್ಲಿ ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಿಸುವ ಯೋಜನೆ ತಂದಿತು. ದಂತ ಕಾಲೇಜುಗಳ ಮೂಲಕ ನಡೆಯುವ ಕೆಲಸ. ಒಳ್ಳೆಯ ಯೋಜನೆ, ಆದರೆ ಭಟ್ಕಳದಿಂದ ಮಣಿಪಾಲಕ್ಕೆ 90 ಕಿಲೋಮೀಟರ್, ಕುಮಟಾದಿಂದ 150. ಅಳತೆ ಕೊಡಲು ಒಮ್ಮೆ, ಮೇಣದಲ್ಲಿ ಜೋಡಿಸಿದ್ದನ್ನು ನೋಡಲು ಒಮ್ಮೆ, ಕೂರಿಸಲು ಒಮ್ಮೆ, ತಾಗಿದ ಕಡೆ ಉಜ್ಜಿಸಲು ಇನ್ನೊಮ್ಮೆ. ಕುಮಟಾದ ಅಜ್ಜಿ ನಾಲ್ಕು ಸಲ ಹೋಗಿಬಂದರೆ 1,200 ಕಿಲೋಮೀಟರ್! ಹತ್ತು ಇಂಚೂ ಆಗದ ಹಲ್ಲಿಗಾಗಿ ಅಷ್ಟು ದೂರ ಎಪ್ಪತ್ತರ ಪ್ರಾಯದವರನ್ನು ಓಡಾಡಿಸಬಾರದು. ಅಳತೆ ಕೊಡುವುದೂ ಉಜ್ಜುವುದೂ ಆಯಾ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು.

ಲೋಕದ ಲೆಕ್ಕ ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಬಾಯಿಯ ರೋಗ ಇರುವವರು ಸುಮಾರು 350 ಕೋಟಿ. ಕರ್ನಾಟಕದಂಥ 57 ರಾಜ್ಯಗಳು ಒಟ್ಟಿಗೆ ಕೆನ್ನೆ ಹಿಡಿದು ಕೂತಂತೆ! ಪೂರ್ತಿ ಬೊಚ್ಚುಬಾಯಿ ಆದವರು ಸುಮಾರು 35 ಕೋಟಿ. ಅವರೆಲ್ಲರಿಗೆ 28 ಹಲ್ಲಿನ ಸೆಟ್ಟು ಮಾಡಿಸಿದರೆ ಬೇಕಾಗುವ ಹಲ್ಲು 980 ಕೋಟಿ, ಭೂಮಿಯ ಮೇಲಿನ ಜನರಿಗಿಂತ ಹೆಚ್ಚು. ದೊಡ್ಡ ಹಲ್ಲಿನಲ್ಲಿ ಹುಳುಕು ಇಟ್ಟುಕೊಂಡೇ ಓಡಾಡುತ್ತಿರುವವರು 200 ಕೋಟಿ. ತಲೆಗೆ ಒಂದೇ ಹುಳುಕು, ತುಂಬಲು 0.2 ಗ್ರಾಂ ಸಾಮಗ್ರಿ ಎಂದರೂ 400 ಟನ್, ನೂರು ಆನೆಗಳ ತೂಕ. ಒಬ್ಬರೇ ವೈದ್ಯರು ಅರ್ಧ ಗಂಟೆಗೊಂದರಂತೆ ಊಟ ನಿದ್ದೆ ಬಿಟ್ಟು ತುಂಬುತ್ತಾ ಹೋದರೆ ಮುಗಿಯಲು 1 ಲಕ್ಷ 14 ಸಾವಿರ ವರ್ಷ ಬೇಕು! ಮೆಹರ್‌ಗಢದ ಆ ಬೈರಿಗೆಯವನು 9,000 ವರ್ಷಗಳ ಹಿಂದೆ ಶುರುಮಾಡಿ ಇವತ್ತಿನವರೆಗೂ ಕೈ ಬಿಡದೆ ಮಾಡಿದ್ದರೂ ನೂರರಲ್ಲಿ ಎಂಟು ಜನರೂ ಮುಗಿಯುತ್ತಿರಲಿಲ್ಲ.

ಈಗ ಅದೇ ಕೆಲಸವನ್ನು ಹಂಚಿ ನೋಡಿ. ಭಾರತದಲ್ಲಿ ನೋಂದಾಯಿತ ದಂತವೈದ್ಯರು 3 ಲಕ್ಷಕ್ಕೂ ಹೆಚ್ಚು. ನಮ್ಮ ದೇಶದವರೇ ದಿನಕ್ಕೆ ಎಂಟು ಗಂಟೆ ಕೂತರೆ ಇಡೀ ಲೋಕದ ಆ 200 ಕೋಟಿ ಹುಳುಕು 417 ದಿನದಲ್ಲಿ ಮುಗಿಯುತ್ತದೆ! ಒಂದು ಲಕ್ಷ ವರ್ಷ ಹದಿನಾಲ್ಕು ತಿಂಗಳಿಗೆ ಇಳಿಯಿತು. ಮೂರು ತಾಲ್ಲೂಕುಗಳಿಗೆ ತಂದರೆ ಇನ್ನೂ ಚೆನ್ನ. ಲೋಕದ ಪ್ರಮಾಣದಲ್ಲೇ ನಾಲ್ವರಲ್ಲಿ ಒಬ್ಬರಿಗೆ ಎಂದರೆ 1.2 ಲಕ್ಷ ಜನ, ಒಟ್ಟು 60 ಸಾವಿರ ಗಂಟೆಯ ಕೆಲಸ. ಐವತ್ತು ವೈದ್ಯರಿಗೆ ಐವತ್ತು ಕುರ್ಚಿ ಹಾಕಿಕೊಟ್ಟು, ಗಾಂಧಿ ಜಯಂತಿಯ ಮರುದಿನ ಶುರುಮಾಡಿಸಿ, ಭಾನುವಾರ ರಜೆಯನ್ನೂ ಕೊಟ್ಟರೆ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಕೆಲಸ ಯುಗಾದಿಯ ಹೊತ್ತಿಗೆ ಮುಗಿದಿರುತ್ತದೆ.